ದಿನಾ ಜೋರಾಗಿ ಓಡಿದರೂ ವೇಗ ಏಕೆ ಬರುತ್ತಿಲ್ಲ? ಕಿಪ್‌ಚೋಗೆಯಂಥವರು ಹೇಗೆ ಅಭ್ಯಾಸ ಮಾಡುತ್ತಾರೆ?

ಕೆರೆದಂಡೆ (ಮೈಸೂರು)
ಸೋಮವಾರ, ಬೆಳಗ್ಗೆ 8:05

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಎರಡು ವರ್ಷದಿಂದ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡುತ್ತಿದ್ದೇನೆ. ವಾರಕ್ಕೆ ಐದು ದಿನ, ದಿನಕ್ಕೆ 8 ಕಿ.ಮೀ. ಪ್ರತಿ ಸಲ ಕಿಲೋಮೀಟರಿಗೆ 5:40ರ (5 ನಿಮಿಷ 40 ಸೆಕೆಂಡ್) ಆಸುಪಾಸು. ಮನೆಗೆ ಬಂದಾಗ ಬನಿಯನ್ ಹಿಂಡಿದರೆ ನೀರು ಸುರಿಯಬೇಕು, ಹಾಗೆ ಓಡುತ್ತೇನೆ.

ಆದರೂ 10 ಕಿ.ಮೀ. ರೇಸಿನಲ್ಲಿ ನನ್ನ ಸಮಯ 55 ನಿಮಿಷದಿಂದ ಕೆಳಗೆ ಇಳಿಯುತ್ತಿಲ್ಲ. ಹೋದ ವರ್ಷ 55, ಈ ವರ್ಷವೂ 55. ಈಗ ಮೀನಖಂಡದಲ್ಲಿ ನೋವು ಬೇರೆ ಶುರುವಾಗಿದೆ.

2022ರಲ್ಲಿ ಕೆನ್ಯಾದ ಓಟಗಾರ ಎಲಿಯುಡ್ ಕಿಪ್‌ಚೋಗೆ ಬರ್ಲಿನ್‌ನಲ್ಲಿ 2 ಗಂಟೆ 1 ನಿಮಿಷ 9 ಸೆಕೆಂಡಿಗೆ ಮ್ಯಾರಥಾನ್ ಮುಗಿಸಿದ್ದನ್ನು ನೋಡಿದ ದಿನದಿಂದ ಒಂದೇ ಪ್ರಶ್ನೆ ತಲೆಯಲ್ಲಿದೆ. ಲೆಕ್ಕ ಹಾಕಿದರೆ ಕಿಲೋಮೀಟರಿಗೆ 2:52. ಅದೂ 42 ಸಲ, ಒಂದರ ಹಿಂದೆ ಒಂದು. ಇವರು ದಿನಾ ಏನು ಮಾಡುತ್ತಾರೆ? ನಾನು ಇನ್ನೂ ಎಷ್ಟು ಜೋರಾಗಿ ಓಡಬೇಕು? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.


ಪಿ.ಟಿ. ಮೇಷ್ಟ್ರು (ಹಾಸನ)
ಸೋಮವಾರ, ಬೆಳಗ್ಗೆ 8:40

ಮೊದಲು ಒಂದು ಪ್ರಶ್ನೆ. ವಾರದಲ್ಲಿ ನೀವು ನಿಧಾನವಾಗಿ ಓಡುವ ದಿನ ಯಾವುದು?


ಕೆರೆದಂಡೆ
ಸೋಮವಾರ, ಬೆಳಗ್ಗೆ 8:52

ಅಂಥ ದಿನ ಇಲ್ಲ ಸರ್. ನಿಧಾನವಾಗಿ ಓಡಿದರೆ ಓಡಿದ ಹಾಗೇ ಅನ್ನಿಸುವುದಿಲ್ಲ.


ಪಿ.ಟಿ. ಮೇಷ್ಟ್ರು
ಸೋಮವಾರ, ಮಧ್ಯಾಹ್ನ 2:15

ಗಂಟು ಇರುವುದು ಅಲ್ಲೇ. 55 ನಿಮಿಷಕ್ಕೆ 10 ಕಿ.ಮೀ. ಅಂದರೆ ಕಿಲೋಮೀಟರಿಗೆ 5:30. ನೀವು ದಿನಾ ಓಡುವುದು 5:40. ರೇಸಿಗೂ ದಿನದ ಓಟಕ್ಕೂ ಇರುವುದು ಹತ್ತೇ ಸೆಕೆಂಡ್. ಹೆಚ್ಚುಕಡಿಮೆ ವಾರಕ್ಕೆ ಐದು ರೇಸ್ ಓಡುತ್ತಿದ್ದೀರಿ. ಮೀನಖಂಡ ನೋಯದೆ ಇನ್ನೇನಾಗುತ್ತದೆ?

ಈಗ ಕಿಪ್‌ಚೋಗೆಯವರ ವಾರ ನೋಡಿ. ಅವರು ಅಭ್ಯಾಸ ಮಾಡುವುದು ಕೆನ್ಯಾದ ಕಪ್ಟಗಾಟ್ ಎಂಬ ಊರಿನ ಕ್ಯಾಂಪಿನಲ್ಲಿ. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರ. ಕೋಚ್ ಪ್ಯಾಟ್ರಿಕ್ ಸಾಂಗ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 3,000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ (ಅಡ್ಡಗಟ್ಟೆ, ನೀರುಗುಂಡಿ ಹಾರುತ್ತಾ ಓಡುವ ಓಟ) ಬೆಳ್ಳಿ ಗೆದ್ದವರು. ಕಿಪ್‌ಚೋಗೆ ಹುಡುಗನಾಗಿದ್ದಾಗ ಸಾಂಗ್ ಅವರ ಹತ್ತಿರ ಹೋಗಿ, ನಾನು ಹೇಗೆ ಓಡಬೇಕು ಬರೆದುಕೊಡಿ ಎಂದು ಕೇಳಿದ್ದರು. ಅಷ್ಟು ದೊಡ್ಡ ಹೆಸರು ಬಂದ ಮೇಲೂ ಗುರುವನ್ನು ಬದಲಿಸಲಿಲ್ಲ. ನನಗೆ ಅವರಲ್ಲಿ ತುಂಬ ಇಷ್ಟವಾಗುವ ಸಂಗತಿ ಇದು.

ವಾರಕ್ಕೆ 200ರಿಂದ 220 ಕಿ.ಮೀ. ಓಟ. ಮಂಗಳವಾರ ಮಣ್ಣಿನ ಟ್ರ್ಯಾಕಿನಲ್ಲಿ ಇಂಟರ್ವಲ್, ಅಂದರೆ ಸ್ವಲ್ಪ ದೂರ ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಜೋರಾಗಿ ಓಡುವುದು. ಗುರುವಾರ ಲಾಂಗ್ ರನ್, ಒಂದು ವಾರ 30 ಕಿ.ಮೀ. ಆದರೆ ಇನ್ನೊಂದು ವಾರ 40. ಶನಿವಾರ ಫಾರ್ಟ್ಲೆಕ್: ಮೂರು ನಿಮಿಷ ಜೋರು, ಒಂದು ನಿಮಿಷ ಸಾವಕಾಶ, ಹೀಗೆ 13 ಸಲ. ಕಷ್ಟದ ದಿನ ಅಂತ ಇರುವುದು ಈ ಮೂರೇ. ಉಳಿದದ್ದೆಲ್ಲ ಹಗುರ ಓಟ. ಬೆಳಗ್ಗೆ ಒಮ್ಮೆ 20 ಕಿ.ಮೀ. ಹತ್ತಿರ, ಸಂಜೆ ಇನ್ನೊಮ್ಮೆ 10.

ಆ ಹಗುರ ಓಟ ಶುರುವಾಗುವುದು ಕಿಲೋಮೀಟರಿಗೆ 5 ನಿಮಿಷದ ಆಚೀಚೆ. ಮೈ ಬಿಸಿಯಾದ ಹಾಗೆ ತಾನಾಗಿ ಇಳಿದು 4 ನಿಮಿಷದ ಹತ್ತಿರ ಬರುತ್ತದೆ. 2:52ರಲ್ಲಿ ರೇಸ್ ಓಡುವವರು 5 ನಿಮಿಷದಲ್ಲಿ ದಿನ ಶುರು ಮಾಡುತ್ತಾರೆ ಅಂದರೆ ನೀವು ಎಷ್ಟರಲ್ಲಿ ಶುರು ಮಾಡಬೇಕು? 7 ನಿಮಿಷ, ಏಳೂವರೆ ನಿಮಿಷ. ನಾಚಿಕೆ ಪಡಬೇಡಿ.

ಇನ್ನು ಆ ಮೂರು ಕಷ್ಟದ ದಿನ. ಅಂದೂ ಪೂರ್ತಿ ಶಕ್ತಿ ಹಾಕುವುದಿಲ್ಲ ಎಂದು ಕಿಪ್‌ಚೋಗೆಯವರೇ ಹೇಳಿದ್ದಾರೆ. ಮಂಗಳವಾರ, ಗುರುವಾರ, ಶನಿವಾರ ನೂರಕ್ಕೆ ಎಂಬತ್ತರಷ್ಟು. ಉಳಿದ ದಿನ ಐವತ್ತರಷ್ಟು. ನೂರನ್ನು ರೇಸಿನ ದಿನಕ್ಕೆ ಇಟ್ಟುಕೊಳ್ಳುತ್ತಾರೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಕಾಲೇಜಿನಲ್ಲಿ 5,000 ಮೀಟರ್ ಓಡುತ್ತಿದ್ದೆ. ನಮ್ಮ ಕೋಚ್‌ಗೆ ಜಟೊಪೆಕ್ ಅಂದರೆ ದೇವರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000, 10,000, ಮ್ಯಾರಥಾನ್ ಮೂರರಲ್ಲೂ ಚಿನ್ನ ಗೆದ್ದ ಮಹಾನುಭಾವ. ಅವರು 400 ಮೀಟರನ್ನು ಹತ್ತಾರು ಸಲ ಓಡುತ್ತಿದ್ದರು ಎಂದು ನಮಗೂ ವಾರಕ್ಕೆ ನಾಲ್ಕು ದಿನ 400ಗಳೇ. ಒಂದೊಂದನ್ನೂ ಪ್ರಾಣ ಬಿಟ್ಟು ಓಡಬೇಕಿತ್ತು. 23 ತುಂಬುವ ಹೊತ್ತಿಗೆ ಹಿಮ್ಮಡಿಯ ನರ ಕೆಟ್ಟು ನನ್ನ ಓಟ ಮುಗಿಯಿತು. ಜಟೊಪೆಕ್ ತಮ್ಮ 400ಗಳಲ್ಲಿ ಹೆಚ್ಚಿನವನ್ನು ಪೂರ್ತಿ ವೇಗದಲ್ಲಿ ಓಡುತ್ತಿರಲಿಲ್ಲ ಎಂದು ತಿಳಿದದ್ದು ನನಗೆ ನಲವತ್ತಾದ ಮೇಲೆ.


ಕೆಮ್ಮಣ್ಣು (ಬೆಂಗಳೂರು)
ಸೋಮವಾರ, ರಾತ್ರಿ 9:30

ಮೇಷ್ಟ್ರು ಹೇಳಿದ್ದನ್ನು ನಾನು ಕಣ್ಣಾರೆ ನೋಡಿ ಬಂದಿದ್ದೇನೆ. 2019ರಲ್ಲಿ ಮೂರು ವಾರ ರಜೆ ಹಾಕಿ ಕೆನ್ಯಾದ ಇಟೆನ್‌ಗೆ ಹೋಗಿದ್ದೆ. ಕಪ್ಟಗಾಟ್ ಕಡೆಯದೇ ಇನ್ನೊಂದು ಓಟದ ಊರು, ಅದೂ 2,400 ಮೀಟರ್ ಎತ್ತರದಲ್ಲೇ ಇದೆ. ಎಲ್ಡೊರೆಟ್ ತನಕ ವಿಮಾನ, ಅಲ್ಲಿಂದ ಕಾರು. ಊರ ಬಾಗಿಲಲ್ಲೇ ‘ಚಾಂಪಿಯನ್ನರ ತವರು’ ಎಂದು ಬರೆದ ಕಮಾನು ಕಾಣುತ್ತದೆ. ರಸ್ತೆ ಎಲ್ಲ ನಮ್ಮ ಮಲೆನಾಡಿನ ಕೆಮ್ಮಣ್ಣಿನ ಹಾಗೆ. ಶೂ, ಕಾಲುಚೀಲ, ಉಗುರಿನ ಸಂದು ಎಲ್ಲ ಕೆಂಪು.

ಮೊದಲ ಮೂರು ದಿನ ಮಹಡಿ ಹತ್ತಿದರೂ ಏದುಸಿರು. ನಾಲ್ಕನೇ ದಿನ ಬೆಳಗ್ಗೆ ಆರಕ್ಕೆ ರಸ್ತೆಗೆ ಬಂದೆ. ಇನ್ನೂ ನಸುಗತ್ತಲು, ಒಳ್ಳೆ ಚಳಿ. ಕೂಡುರಸ್ತೆಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ ನಿಂತಿದ್ದರು. ಯಾರೋ ಒಬ್ಬರು ಹೆಜ್ಜೆ ಹಾಕಿದರು, ಎಲ್ಲರೂ ಹಿಂದೆ ಹೊರಟರು. ನಾನೂ ಬಾಲದಲ್ಲಿ ಸೇರಿಕೊಂಡೆ.

ಮೊದಲ ಕಿಲೋಮೀಟರ್ ನನಗೆ ಆರಾಮಾಗಿತ್ತು! ಅವರು ಕಾಲೆಳೆದುಕೊಂಡು ಓಡುತ್ತಿದ್ದರು. ಪಕ್ಕದವರ ಜೊತೆ ಮಾತು, ನಗು. ಆ ಗುಂಪಿನಲ್ಲಿ ಹಾಫ್ ಮ್ಯಾರಥಾನನ್ನು 62 ನಿಮಿಷಕ್ಕೆ ಓಡುವವರಿದ್ದರು ಎಂದು ಆಮೇಲೆ ಗೊತ್ತಾಯಿತು. ಎರಡನೇ ಕಿಲೋಮೀಟರಿನ ಕೊನೆಯಲ್ಲಿ ಮಾತು ಕಡಿಮೆಯಾಯಿತು. ಯಾರೂ ಏನೂ ಹೇಳಲಿಲ್ಲ, ಯಾರೂ ವಾಚ್ ನೋಡಲಿಲ್ಲ. ಹೆಜ್ಜೆ ಸದ್ದು ಮಾತ್ರ ಬದಲಾಯಿತು. ಮೂರನೇ ಕಿಲೋಮೀಟರಿಗೆ ನನ್ನ ಮುಂದೆ ಉಳಿದದ್ದು ಧೂಳು.

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಊರಿನ ಫಾರ್ಟ್ಲೆಕ್. ಯಾರು ಬೇಕಾದರೂ ಬರಬಹುದು. ನಾನು ಹೋದ ದಿನ ನೂರಕ್ಕೂ ಜಾಸ್ತಿ ಜನ. ಎರಡು ನಿಮಿಷ ಜೋರು, ಒಂದು ನಿಮಿಷ ಸಾವಕಾಶ. ಅದು ಬೇರೆಯೇ ಲೋಕ. ಏರು, ಇಳಿಜಾರು, ಕಲ್ಲು ಯಾವುದಕ್ಕೂ ಜಗ್ಗದೆ ಹಾರಿಕೊಂಡು ಹೋಗುತ್ತಾರೆ. ಹಿಂದಿನ ದಿನ ಕಾಲೆಳೆದುಕೊಂಡು ಓಡಿದವರೇ ಇವರು ಎಂದರೆ ನಂಬಲು ಆಗಲಿಲ್ಲ. ನಿಧಾನದ ದಿನ ಉಳಿಸಿದ್ದನ್ನು ಜೋರಿನ ದಿನ ಖರ್ಚು ಮಾಡುತ್ತಾರೆ. ನಾವು ಎರಡು ದಿನವೂ ನಡುಮಧ್ಯದ ವೇಗದಲ್ಲಿ ಓಡಿ, ಎರಡನ್ನೂ ಕಳೆದುಕೊಳ್ಳುತ್ತೇವೆ.

ನನ್ನನ್ನು ಇನ್ನೂ ಜಾಸ್ತಿ ತಟ್ಟಿದ್ದು ಓಟವಲ್ಲ, ಓಟದ ನಡುವಿನ ಹೊತ್ತು. ಬೆಳಗಿನ ಓಟ ಆದ ಮೇಲೆ ಚಹಾ, ಬ್ರೆಡ್. ಆಮೇಲೆ ಸುಮ್ನೆ ಕೂರುತ್ತಾರೆ. ಬಿಸಿಲಿಗೆ ಬೆನ್ನು ಕೊಟ್ಟು ಹುಲ್ಲಿನ ಮೇಲೆ ಮಲಗುತ್ತಾರೆ. ಮಧ್ಯಾಹ್ನ ಒಂದೆರಡು ಗಂಟೆ ನಿದ್ದೆ. ರಾತ್ರಿ ಒಂಬತ್ತಕ್ಕೆಲ್ಲ ದೀಪ ಆರಿಸುತ್ತಾರೆ. ದೇಹ ರಿಪೇರಿಯಾಗುವುದು ಆ ಹೊತ್ತಿನಲ್ಲೇ ಅಲ್ವಾ. ನಾವು ಐದಕ್ಕೆ ಎದ್ದು 15 ಕಿ.ಮೀ. ಓಡಿ, ಮಕ್ಕಳನ್ನು ಸ್ಕೂಲಿಗೆ ಬಿಟ್ಟು, ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕೂತು, ರಾತ್ರಿ ಹನ್ನೊಂದಕ್ಕೆ ಮಲಗುತ್ತೇವೆ. ಅವರ ಪಟ್ಟಿಯನ್ನು ಹಾಗೇ ಇಳಿಸಿಕೊಂಡರೆ ನಮಗೆ ಒಗ್ಗುವುದಿಲ್ಲ.

ಊಟದ ವಿಷಯ ಹೇಳಲೇಬೇಕು. ಉಗಾಲಿ ಅಂತ ಮಾಡುತ್ತಾರೆ. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ, ಒಂದಿಷ್ಟು ಬೀನ್ಸ್, ಅಪರೂಪಕ್ಕೆ ಮಾಂಸ. ಮಂಡ್ಯ ಕಡೆಯವನಾದ ನನಗೆ ಮೊದಲ ತುತ್ತಿಗೇ ಮನೆ ನೆನಪಾಯಿತು. ಚಹಾ ಕೂಡ ನಮ್ಮ ಹಾಗೆಯೇ, ಹಾಲು ಸಕ್ಕರೆ ಹಾಕಿ ಕುದಿಸಿದ್ದು. ಕೆನ್ಯಾದ ಓಟಗಾರರ ಊಟವನ್ನು ತೂಗಿ ನೋಡಿದ ಸಂಶೋಧಕರ ಪ್ರಕಾರ ಅವರ ಶಕ್ತಿಯ ಮುಕ್ಕಾಲು ಭಾಗ ಕಾರ್ಬೊಹೈಡ್ರೇಟಿನಿಂದ ಬರುತ್ತದೆ. ಹೆಚ್ಚುಕಡಿಮೆ ಐದನೇ ಒಂದು ಭಾಗ ಬರೀ ಸಕ್ಕರೆ, ಅದರಲ್ಲಿ ಬಹುಪಾಲು ಚಹಾದಲ್ಲಿ ಹೋಗುವುದು. ಮುದ್ದೆ, ಅನ್ನ ಬಿಟ್ಟು ಓಡುತ್ತೇನೆ ಎನ್ನುವವರು ಇದನ್ನು ಗಮನಿಸಬೇಕು.


ಲೆಕ್ಕದವ (ಹುಬ್ಬಳ್ಳಿ)
ಮಂಗಳವಾರ, ಬೆಳಗ್ಗೆ 7:20

ಒಂದು ತಕರಾರಿದೆ. ಎಲ್ಲರೂ ನಿಧಾನ ನಿಧಾನ ಅಂತೀರಿ. ವಾರಕ್ಕೆ 200 ಕಿ.ಮೀ. ಓಡುವವರು ಅದರಲ್ಲಿ 160 ನಿಧಾನವಾಗಿ ಓಡಿದರೂ ಬಾಕಿ 40 ಕಿ.ಮೀ. ಜೋರಾಗಿ ಓಡುತ್ತಾರೆ. ಕೆರೆದಂಡೆಯವರದು ಇಡೀ ವಾರಕ್ಕೇ 40. ಇವರು ನೂರಕ್ಕೆ ಎಂಬತ್ತು ನಿಧಾನ ಓಡಿದರೆ ಜೋರಿನ ಪಾಲಿಗೆ ಉಳಿಯುವುದು ಬರೀ 8 ಕಿ.ಮೀ. ಅಷ್ಟರಿಂದ ಏನಾಗುತ್ತದೆ?

ಎರಡನೆಯದು, ಕೆನ್ಯಾದವರೇ ಆದ ಕೆಲ್ವಿನ್ ಕಿಪ್ಟುಮ್. 2023ರ ಅಕ್ಟೋಬರ್‌ನಲ್ಲಿ ಚಿಕಾಗೋದಲ್ಲಿ 2:00:35, ಕಿಪ್‌ಚೋಗೆಯವರ ಮ್ಯಾರಥಾನ್ ವಿಶ್ವದಾಖಲೆಯನ್ನೇ ಮುರಿದರು. ಅವರು ವಾರಕ್ಕೆ 250ರಿಂದ 280 ಕಿ.ಮೀ., ಕೆಲವೊಮ್ಮೆ 300 ತನಕ ಓಡುತ್ತಿದ್ದರು, ವಿಶ್ರಾಂತಿ ದಿನವೇ ಇರಲಿಲ್ಲ ಎಂದು ಅವರ ಕೋಚ್ ಗರ್ವೇಸ್ ಹಕಿಜಿಮಾನ ಅವರೇ ಹೇಳಿದ್ದರು. ವಾರಕ್ಕೆ ಎರಡು ಸಲ 30-40 ಕಿ.ಮೀ., ಅದೂ ಹೆಚ್ಚುಕಡಿಮೆ ಮ್ಯಾರಥಾನ್ ವೇಗದಲ್ಲಿ. ಹಾಗಾದರೆ ಇದು ತಪ್ಪೇ?


ಪಿ.ಟಿ. ಮೇಷ್ಟ್ರು
ಮಂಗಳವಾರ, ಬೆಳಗ್ಗೆ 10:05

ಕೇಳಬೇಕಾದ ಪ್ರಶ್ನೆ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಬರುತ್ತೇನೆ.

ಅದೇ ಹಕಿಜಿಮಾನ ಇನ್ನೊಂದು ಮಾತೂ ಹೇಳಿದ್ದರು. ಹೀಗೇ ಓಡಿದರೆ ಐದು ವರ್ಷದಲ್ಲಿ ಮುಗಿದು ಹೋಗುತ್ತೀಯ, ಸ್ವಲ್ಪ ತಗ್ಗಿಸು ಎಂದು ತಾವು ಕಿಪ್ಟುಮ್‌ಗೆ ಹೇಳುತ್ತಿರುವುದಾಗಿ. 2024ರ ಫೆಬ್ರುವರಿಯಲ್ಲಿ ಕಾರು ಅಪಘಾತದಲ್ಲಿ ಗುರು ಶಿಷ್ಯ ಇಬ್ಬರೂ ಹೋದರು. ಕಿಪ್ಟುಮ್‌ಗೆ ಆಗ 24 ವರ್ಷ. ಆ ದಾರಿ ಎಲ್ಲಿಗೆ ಮುಟ್ಟುತ್ತಿತ್ತು ಎಂದು ನೋಡುವ ಅವಕಾಶವೇ ನಮಗೆ ಸಿಗಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಕಿಪ್‌ಚೋಗೆಯವರ ದಾರಿ ಮಾತ್ರ ಕಣ್ಣ ಮುಂದಿದೆ. 2003ರಲ್ಲಿ ಪ್ಯಾರಿಸ್‌ನಲ್ಲಿ 18 ವರ್ಷದ ಹುಡುಗ 5,000 ಮೀಟರ್ ವಿಶ್ವ ಚಾಂಪಿಯನ್ ಆದ. ಹಿಂದೆ ಬಿದ್ದವರು ಯಾರು? ಆ ಕಾಲದ ದಿಗ್ಗಜರಾದ ಎಲ್ ಗೆರೂಜ್, ಬೆಕೆಲೆ. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ದೇಶದ ತಂಡದಲ್ಲೇ ಜಾಗ ಸಿಗಲಿಲ್ಲ. ಆಗ ಮ್ಯಾರಥಾನ್ ಕಡೆ ತಿರುಗಿದರು. 2016ರಲ್ಲಿ ರಿಯೊ, 2021ರಲ್ಲಿ ಟೋಕಿಯೊ ಕೂಟ, ಎರಡರಲ್ಲೂ ಚಿನ್ನ. ಬರ್ಲಿನ್‌ನಲ್ಲಿ 2:01:09 ಓಡಿದಾಗ 37 ವರ್ಷ. ಪ್ಯಾರಿಸ್‌ನಿಂದ ಅಲ್ಲಿಗೆ 19 ವರ್ಷ! ಕ್ಯಾಂಪಿನಲ್ಲಿ ಅವರ ಅಭ್ಯಾಸದ ವಿವರ ಬರೆದ ನೋಟುಪುಸ್ತಕಗಳ ಸಾಲೇ ಇದೆ. ಒಂದು ದಿನದ ಸಾಹಸದಿಂದ ಅಷ್ಟು ಪುಸ್ತಕ ತುಂಬುವುದಿಲ್ಲ.

ಮೊದಲ ಪ್ರಶ್ನೆಗೆ ನಮ್ಮ ಮಲೆನಾಡ ಡಾಕ್ಟರಮ್ಮ ಉತ್ತರ ಕೊಟ್ಟರೆ ಚೆನ್ನ. ನಾನು ಒಂದು ಹಳೇ ಸಂಗತಿ ಹೇಳುತ್ತೇನೆ. ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಅಂತ ಒಬ್ಬರಿದ್ದರು. ಶೂ ಕಾರ್ಖಾನೆಯ ಕೆಲಸಗಾರ. ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ಕೊನೆಗೆ ತನ್ನ ಬೀದಿಯ ಹುಡುಗರನ್ನೆಲ್ಲ ವಾರಕ್ಕೆ 100 ಮೈಲಿ, ಅಂದರೆ 160 ಕಿ.ಮೀ. ಓಡಿಸುತ್ತಿದ್ದರು. ಮಾತಾಡುತ್ತಾ ಓಡಬೇಕು ಎಂಬುದು ಅವರ ಅಳತೆ. ವಿಶೇಷ ಏನೆಂದರೆ 800 ಮೀಟರ್ ಓಡುವ ಪೀಟರ್ ಸ್ನೆಲ್ ಅವರಿಗೂ ಅದೇ 160 ಕಿ.ಮೀ.! 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ಮಧ್ಯಾಹ್ನ ಸ್ನೆಲ್ 800ರಲ್ಲಿ, ಮರ್ರೆ ಹಾಲ್ಬರ್ಗ್ 5,000ದಲ್ಲಿ ಚಿನ್ನ ಗೆದ್ದರು. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೆ ಗಂಟೆಗಟ್ಟಲೆಯ ಹಗುರ ಓಟ ಏಕೆ ಬೇಕು ಎಂದು ಜಗತ್ತು ಆಗ ಯೋಚಿಸಲು ಶುರು ಮಾಡಿತು.


ಮಲೆನಾಡ ಡಾಕ್ಟ್ರು (ಶಿವಮೊಗ್ಗ)
ಮಂಗಳವಾರ, ರಾತ್ರಿ 10:10

ಡ್ಯೂಟಿ ಈಗ ಮುಗಿಯಿತು, ತಡವಾಯಿತು.

ಹಗುರವಾಗಿ ಓಡಿದಾಗ ಸ್ನಾಯುವಿನ ಒಳಗೆ ಮೈಟೊಕಾಂಡ್ರಿಯಾ ಹೆಚ್ಚುತ್ತವೆ. ಅವು ಜೀವಕೋಶದ ಒಲೆ ಇದ್ದ ಹಾಗೆ. ಸಣ್ಣ ರಕ್ತನಾಳಗಳು ಹೊಸದಾಗಿ ಹುಟ್ಟುತ್ತವೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ದೇಹ ಕೊಬ್ಬನ್ನು ಉರಿಸಿ ಸಕ್ಕರೆಯನ್ನು ಉಳಿಸಲು ಕಲಿಯುತ್ತದೆ. ಇದಕ್ಕೆಲ್ಲ ಬೇಕಾದದ್ದು ಹೊತ್ತು, ಏದುಸಿರಲ್ಲ. ಜೋರು ಓಟದಿಂದಲೂ ಇದರಲ್ಲಿ ಕೆಲವು ಆಗುತ್ತವೆ. ಆದರೆ ಅದರ ಸುಸ್ತು ಆರಲು ಎರಡು ದಿನ ಬೇಕು. ಹಗುರ ಓಟದ ಸುಸ್ತು ರಾತ್ರಿ ನಿದ್ದೆಯಲ್ಲೇ ಹೋಗುತ್ತದೆ, ನಾಳೆ ಮತ್ತೆ ಓಡಬಹುದು.

ಲೆಕ್ಕದವರ ಮಾತಿನಲ್ಲಿ ಅರ್ಧ ಸತ್ಯವಿದೆ. ವಾರಕ್ಕೆ ಮೂರೇ ದಿನ ಓಡುವವರಿಗೆ ಎಂಬತ್ತು-ಇಪ್ಪತ್ತು ಅಂತ ಕಟ್ಟುನಿಟ್ಟಾಗಿ ಹಿಡಿಯಬೇಕಾಗಿಲ್ಲ. ನಡುವೆ ಬಿಡುವು ಇದ್ದೇ ಇರುತ್ತದೆ. ಐದು ದಿನ ಓಡುವ ಕೆರೆದಂಡೆಯವರಿಗೆ ಬೇಕು.

ಜೋರಿನ ದಿನಕ್ಕೂ ಮಿತಿ ಇದೆ. ನಾರ್ವೆಯವರು ಇದನ್ನು ತುಂಬ ಚೆನ್ನಾಗಿ ಬಳಸಿಕೊಂಡರು. ಡಾಕ್ಟರೂ ಆಗಿದ್ದ ಓಟಗಾರ ಮರಿಯಸ್ ಬಾಕನ್ ಬೆಳೆಸಿದ ಪದ್ಧತಿ. ಯಾಕೋಬ್ ಇಂಗೆಬ್ರಿಗ್ಟ್‌ಸನ್ ಅದರಿಂದ ಪ್ರಸಿದ್ಧರಾದರು. ಓಟದ ನಡುವೆ ಕಿವಿಯಿಂದಲೋ ಬೆರಳಿನಿಂದಲೋ ಒಂದು ಹನಿ ರಕ್ತ ತೆಗೆದು, ಜೋರಾಗಿ ಓಡಿದಷ್ಟೂ ಏರುವ ಲ್ಯಾಕ್ಟೇಟ್ ಅಂಶ ಎಷ್ಟಿದೆ ನೋಡುತ್ತಾರೆ. ಮಿತಿ ದಾಟಿದರೆ ವೇಗ ಇಳಿಸು ಎನ್ನುತ್ತಾರೆ. ಮಿತಿಯೊಳಗೇ ಇರುವುದರಿಂದ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಂದೇ ದಿನ ಎರಡು ಸಲ ಅಂಥ ಓಟ ಓಡಲು ಅವರಿಗೆ ಆಗುತ್ತದೆ. ನಮಗೆ ರಕ್ತ ಪರೀಕ್ಷೆ ಬೇಡ. ಜೋರಿನ ಓಟ ಮುಗಿದಾಗ ‘ಇನ್ನೂ ಒಂದೆರಡು ಸುತ್ತು ಓಡಬಹುದಿತ್ತು’ ಅನ್ನಿಸಬೇಕು. ಅನ್ನಿಸದಿದ್ದರೆ ಜಾಸ್ತಿಯಾಯಿತು.


ಬೆಳಗಿನ ಐದು (ಬೆಂಗಳೂರು)
ಬುಧವಾರ, ಬೆಳಗ್ಗೆ 6:50

ಡಾಕ್ಟರ್ ಮಾತನ್ನು ನಾನು ಮೂರು ವರ್ಷ ಮೊದಲೇ ಓದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗಳು ಹುಟ್ಟಿ ಎಂಟು ತಿಂಗಳಿಗೆ ಮತ್ತೆ ಓಡಲು ಶುರು ಮಾಡಿದೆ. ಆನ್‌ಲೈನಿನಲ್ಲಿ ಹಣ ಕಟ್ಟಿ ಒಂದು ಪ್ಲಾನ್ ತೆಗೆದುಕೊಂಡೆ. ‘ಎಲೈಟ್ ವಿಧಾನ’ ಅಂತ ಹೆಸರು. ವಾರಕ್ಕೆ ನಾಲ್ಕು ದಿನ ಟೆಂಪೊ (ನಡುವೆ ಬಿಡದೆ ಒಂದೇ ಸಮ ಜೋರಾಗಿ ಓಡುವುದು) ಅಥವಾ ಇಂಟರ್ವಲ್. ನಿದ್ದೆ ಎಷ್ಟು, ಎದೆಹಾಲು ಕೊಡುತ್ತಿದ್ದೀರಾ, ಯಾವುದನ್ನೂ ಕೇಳಲಿಲ್ಲ. ಹನ್ನೊಂದನೇ ವಾರ ಮೊಣಕಾಲ ಕೆಳಗಿನ ಮೂಳೆಯಲ್ಲಿ ಬಿರುಕು. ಎರಡೂವರೆ ತಿಂಗಳು ಓಟ ಇಲ್ಲ. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯಲೂ ಭಯವಾಗುತ್ತಿತ್ತು.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು ಫೇತ್ ಕಿಪ್ಯೆಗಾನ್ ಕತೆ. ಅವರೂ ಪ್ಯಾಟ್ರಿಕ್ ಸಾಂಗ್ ಅವರ ಶಿಷ್ಯೆ. 2016ರಲ್ಲಿ 1,500 ಮೀಟರ್ ಒಲಿಂಪಿಕ್ ಚಿನ್ನ. 2018ರಲ್ಲಿ ಮಗಳು ಹುಟ್ಟಿದಳು. ಅವಸರ ಮಾಡದೆ ಹೆಜ್ಜೆ ಹೆಜ್ಜೆಯಾಗಿ ವಾಪಸ್ ಬಂದರು. 2021ರಲ್ಲಿ ಟೋಕಿಯೊ ಕೂಟದಲ್ಲಿ ಮತ್ತೆ ಚಿನ್ನ, 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರನೆಯದು.

ಡಾಕ್ಟರ್, ಒಂದು ಪ್ರಶ್ನೆ. ಹಗುರ ಓಟದಲ್ಲೂ ನನಗೆ ಬೇಗ ಏದುಸಿರು ಬರುತ್ತದೆ. ಏಕೆ ಇರಬಹುದು?


ಮಲೆನಾಡ ಡಾಕ್ಟ್ರು
ಬುಧವಾರ, ಮಧ್ಯಾಹ್ನ 1:30

ಮೊದಲು ಹಿಮೊಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆ ಮಾಡಿಸಿ. ಫೆರಿಟಿನ್ ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಹಿಮೊಗ್ಲೋಬಿನ್ ಸರಿ ಇದ್ದರೂ ಫೆರಿಟಿನ್ ತಳ ಹಿಡಿದಿರಬಹುದು. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಓಡುವ ಹೆಂಗಸರು ಇದನ್ನು ನೋಡದೆ ಹೊಸ ಪ್ಲಾನ್, ಹೊಸ ಶೂ ಅಂತ ದುಡ್ಡು ಹಾಕುವುದು ನೋಡಿದರೆ ಸಂಕಟವಾಗುತ್ತದೆ. ಮಾತ್ರೆಯನ್ನು ಮಾತ್ರ ಪರೀಕ್ಷೆ ಇಲ್ಲದೆ ನುಂಗಬೇಡಿ. ಊಟದ ಜೊತೆಗೇ ಕಾಫಿ ಟೀ ಕುಡಿದರೆ ಕಬ್ಬಿಣ ಸರಿಯಾಗಿ ಹೀರಿಕೆಯಾಗುವುದಿಲ್ಲ. ಒಂದು ಗಂಟೆಯಾದರೂ ಬಿಡಿ.


ಕಡಲತೀರ (ಮಂಗಳೂರು)
ಬುಧವಾರ, ಸಂಜೆ 6:15

ನಮ್ಮಲ್ಲಿ ಬೆಳಗ್ಗೆ ಆರಕ್ಕೇ ಸೆಕೆ. ಕಿಲೋಮೀಟರಿಗೆ 7 ನಿಮಿಷದ ಪೇಸ್‌ನಲ್ಲಿ ಓಡಿದರೂ ಹೃದಯ ಬಡಿತ ಏರುತ್ತದೆ. ಕೆನ್ಯಾದ ಚಳಿಯಲ್ಲಿ ಓಡುವವರ ಲೆಕ್ಕ ನಮಗೆ ಹೇಗೆ ಹೊಂದುತ್ತದೆ?


ಕೆಮ್ಮಣ್ಣು
ಬುಧವಾರ, ಸಂಜೆ 7:00

ವಾಚಿನ ಪೇಸ್ ಬಿಟ್ಟುಬಿಡಿ. ಪೂರ್ತಿ ವಾಕ್ಯ ಮಾತಾಡಲು ಆಗುತ್ತದಾ? ಆದರೆ ಅದೇ ನಿಮ್ಮ ಹಗುರ ಓಟ. ಅದು 8 ನಿಮಿಷವೇ ಆಗಲಿ, ನಡುವೆ ನಡೆಯಬೇಕಾಗಿಯೇ ಬರಲಿ. ಸೆಕೆಗೆ ಒಗ್ಗಿದ ಮೈಯಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ. ತಂಪಿನ ಊರಿನಲ್ಲಿ ರೇಸ್ ಇದ್ದಾಗ ಅದು ನಿಮಗೇ ಲಾಭ.


ಲೆಕ್ಕದವ
ಬುಧವಾರ, ರಾತ್ರಿ 8:45

ಎತ್ತರದ ವಿಷಯ ಇನ್ನೂ ಬಗೆಹರಿಯಲಿಲ್ಲ. ಅವರು ಹುಟ್ಟಿದ್ದೇ 2,000 ಮೀಟರ್ ಮೇಲೆ. ಅವರ ಗೆಲುವಿನ ಗುಟ್ಟು ಅದೇ ಅಲ್ಲವೇ? ನಮ್ಮವರು ಮುಳ್ಳಯ್ಯನಗಿರಿಯಲ್ಲಿ ವಾರಾಂತ್ಯ ಓಡಿದರೆ ಏನಾದರೂ ಸಿಗುತ್ತದಾ? ಜೊತೆಗೆ, ನಿಷೇಧಿತ ಮದ್ದಿನ ವಿಷಯ ಯಾರೂ ಎತ್ತುತ್ತಿಲ್ಲ.


ಮಲೆನಾಡ ಡಾಕ್ಟ್ರು
ಬುಧವಾರ, ರಾತ್ರಿ 10:30

ಎತ್ತರದಲ್ಲಿ ಆಮ್ಲಜನಕ ಕಡಿಮೆ ಸಿಗುವುದರಿಂದ ಮೂತ್ರಪಿಂಡ ಇಪಿಒ ಎಂಬ ಹಾರ್ಮೋನ್ ಜಾಸ್ತಿ ಬಿಡುತ್ತದೆ. ಅದರಿಂದ ಕೆಂಪು ರಕ್ತಕಣ ಹೆಚ್ಚುತ್ತವೆ. ಆದರೆ ಅಲ್ಲೇ ಮೂರು ನಾಲ್ಕು ವಾರ ಉಣ್ಣಬೇಕು, ಮಲಗಬೇಕು. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಇದೆ. ಒಂದು ಭಾನುವಾರ ಓಡಿ ಇಳಿದರೆ ಏರು ಹತ್ತುವ ಬಲ ಬರುತ್ತದೆ, ರಕ್ತಕ್ಕೇನೂ ಆಗುವುದಿಲ್ಲ. ನಮ್ಮ ದೇಶದ ಓಟಗಾರರು 2,240 ಮೀಟರ್ ಎತ್ತರದ ಊಟಿಯಲ್ಲಿ ತಿಂಗಳುಗಟ್ಟಲೆ ಕ್ಯಾಂಪ್ ಹಾಕುವುದು ಅದಕ್ಕೇ. 10,000 ಮೀಟರನ್ನು 2025ರಲ್ಲಿ 27:00.22ಕ್ಕೆ ಓಡಿ ರಾಷ್ಟ್ರೀಯ ದಾಖಲೆ ಮಾಡಿದ ಗುಲ್ವೀರ್ ಸಿಂಗ್ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಅಭ್ಯಾಸ ಮಾಡಿದವರು. ಅದೂ ಎತ್ತರದ ಊರು.

ಆದರೆ ಎತ್ತರವೊಂದೇ ಗುಟ್ಟಾಗಿದ್ದರೆ ಲಡಾಖ್, ಟಿಬೆಟ್ ಕಡೆಯಿಂದ ಮ್ಯಾರಥಾನ್ ಚಾಂಪಿಯನ್ನರ ದಂಡೇ ಬರಬೇಕಿತ್ತು.


ಕೆಮ್ಮಣ್ಣು
ಗುರುವಾರ, ಬೆಳಗ್ಗೆ 7:15

ಮದ್ದಿನ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಸರಿಯಲ್ಲ. ರೂತ್ ಚೆಪ್‌ಎನ್‌ಗೆಟಿಚ್ 2024ರಲ್ಲಿ ಚಿಕಾಗೋದಲ್ಲಿ 2:09:56 ಓಡಿದಾಗ ನಾನು ಕುಣಿದಾಡಿದ್ದೆ. ಹೆಂಗಸೊಬ್ಬರು 2 ಗಂಟೆ 10 ನಿಮಿಷದ ಒಳಗೆ ಬಂದದ್ದು ಅದೇ ಮೊದಲು. ಮರುವರ್ಷ ನಿಷೇಧಿತ ಔಷಧ ಸಿಕ್ಕಿ ಅವರಿಗೆ ಮೂರು ವರ್ಷ ನಿಷೇಧವಾಯಿತು. ಕೆನ್ಯಾದ ಎಷ್ಟೋ ಓಟಗಾರರು ಹೀಗೆ ಸಿಕ್ಕಿಬಿದ್ದಿದ್ದಾರೆ. ತಪ್ಪು ತಪ್ಪೇ.

ನಾನು ಉಳಿದುಕೊಂಡಿದ್ದ ಮನೆಯಲ್ಲಿ 24 ವರ್ಷದ ಒಬ್ಬ ಹುಡುಗನಿದ್ದ. ನಾಲ್ಕು ವರ್ಷದಿಂದ ದಿನಕ್ಕೆ ಎರಡು ಹೊತ್ತು ಓಡುತ್ತಿದ್ದ. ಹೊರದೇಶದ ಒಂದು ರೇಸಿಗೂ ಅವಕಾಶ ಸಿಕ್ಕಿರಲಿಲ್ಲ. ಊರಲ್ಲಿ ಅಪ್ಪನಿಗೆ ತುಂಡು ಜಮೀನು, ಮೆಕ್ಕೆಜೋಳ. ಅಂಥವರು ಇಟೆನ್‌ನಲ್ಲಿ ನೂರಾರು ಮಂದಿ. ಟಿವಿಯಲ್ಲಿ ನಾವು ನೋಡುವ ಒಬ್ಬರ ಹಿಂದೆ ಇವರೆಲ್ಲ ಓಡುತ್ತಿರುತ್ತಾರೆ. ಒಂದು ರೇಸಿನ ಬಹುಮಾನದಲ್ಲಿ ಮನೆ ಕಟ್ಟಬಹುದು, ತಮ್ಮ ತಂಗಿಯರನ್ನು ಓದಿಸಬಹುದು. ಗುಟ್ಟು ಕೇಳಿದಿರಲ್ಲ, ನನ್ನ ಕಣ್ಣಿಗೆ ಕಂಡದ್ದು ಈ ಗುಂಪು. ಜೊತೆ ಓಡುವವರು ಅಷ್ಟು ಚೆನ್ನಾಗಿದ್ದರೆ ನಿಮ್ಮ ‘ಸಾಮಾನ್ಯ’ವೇ ಮೇಲೇರುತ್ತದೆ.

ಕಪ್ಟಗಾಟ್ ಕ್ಯಾಂಪಿನ ಜೆಫ್ರಿ ಕಮ್ವೊರೊರ್ 2014ರಲ್ಲಿ ನಮ್ಮ ಬೆಂಗಳೂರಿನ 10ಕೆ ಗೆದ್ದವರು, 27:44. ಅಂಥವರೂ ಕ್ಯಾಂಪಿನಲ್ಲಿ ಸರದಿ ಪ್ರಕಾರ ಕೆಲಸ ಮಾಡಬೇಕು. ಕಿಪ್‌ಚೋಗೆ ಕೂಡ ಸರದಿ ಬಂದಾಗ ಶೌಚಾಲಯ ತೊಳೆಯುತ್ತಾರೆ. ವಾರವಿಡೀ ಕ್ಯಾಂಪಿನಲ್ಲಿದ್ದು ವಾರಾಂತ್ಯಕ್ಕೆ ಮಾತ್ರ ಹೆಂಡತಿ ಮಕ್ಕಳ ಹತ್ತಿರ ಹೋಗುತ್ತಾರೆ.


ಕೆರೆದಂಡೆ
ಗುರುವಾರ, ರಾತ್ರಿ 9:00

ಎಲ್ಲರಿಗೂ ತುಂಬ ಧನ್ಯವಾದ. ಇವತ್ತು 7:15ರ ಪೇಸ್‌ನಲ್ಲಿ ಓಡಿದೆ. ದಿನಾ ನೋಡುವ ಅಂಕಲ್ ‘ಏನಪ್ಪಾ, ಹುಷಾರಿಲ್ವಾ?’ ಅಂತ ಕೇಳಿದರು. ಎರಡು ವರ್ಷದಲ್ಲಿ ಮೊದಲ ಸಲ ಕೆರೆಯ ಹಕ್ಕಿಗಳ ಕಡೆ ಸರಿಯಾಗಿ ನೋಡಿದೆ. ಮಂಗಳವಾರ ಇಂಟರ್ವಲ್, ಭಾನುವಾರ ಲಾಂಗ್ ರನ್, ಉಳಿದ ಮೂರು ದಿನ ಹಗುರ. ಹತ್ತು ವಾರ ಹೀಗೇ ಓಡಿ ಬಂದು ಹೇಳುತ್ತೇನೆ.


ಕೆರೆದಂಡೆ
ಹನ್ನೊಂದು ವಾರಗಳ ನಂತರ, ಭಾನುವಾರ, ಬೆಳಗ್ಗೆ 11:20

ಇವತ್ತು 10 ಕಿ.ಮೀ. ರೇಸ್ ಓಡಿದೆ. 52:38.

ಮೊದಲ ಮೂರು ವಾರ ತುಂಬ ಕಷ್ಟವಾಯಿತು. ಕಾಲಿಗಲ್ಲ, ಮನಸ್ಸಿಗೆ. ಎಲ್ಲರೂ ದಾಟಿಕೊಂಡು ಹೋಗುತ್ತಿದ್ದರು. ಐದನೇ ವಾರ ಮೀನಖಂಡದ ನೋವು ಹೋಯಿತು. ಆರನೇ ವಾರ ದಿನಕ್ಕೆ 8ರ ಬದಲು 10 ಕಿ.ಮೀ. ಓಡಿದರೂ ಆಯಾಸ ಇರಲಿಲ್ಲ. ಅದೇ ಉಸಿರಿನಲ್ಲಿ ಈಗ 6:50 ಬರುತ್ತಿದೆ. ಮಂಗಳವಾರ 1 ಕಿ.ಮೀ. ಓಟ ಐದು ಸಲ. ಆರನೆಯದು ಓಡಬಹುದು ಅನ್ನಿಸುವಾಗಲೇ ನಿಲ್ಲಿಸಿದೆ, ಪ್ರತಿ ವಾರ.

ಮೇಷ್ಟ್ರೇ, ಇನ್ನೊಂದು ವಿಷಯ. ಅಕ್ಕನ ಮಗ 13 ವರ್ಷದವನು. ನನ್ನ ಜೊತೆ ಬರುತ್ತೇನೆ ಎಂದು ಹಟ ಮಾಡುತ್ತಿದ್ದಾನೆ. ಭಾನುವಾರದ 16 ಕಿ.ಮೀ.ಗೆ ಕರೆದುಕೊಂಡು ಹೋಗಬಹುದೇ?


ಪಿ.ಟಿ. ಮೇಷ್ಟ್ರು
ಭಾನುವಾರ, ಮಧ್ಯಾಹ್ನ 12:05

52:38! ನಿಮ್ಮದನ್ನು ಓದಿ ನನ್ನ ಮನೆಯಾಕೆಗೂ ಓದಿ ಹೇಳಿದೆ.

ಹುಡುಗನನ್ನು 16ಕ್ಕೆ ಬೇಡ. ಇಟೆನ್‌ನ ಸೇಂಟ್ ಪ್ಯಾಟ್ರಿಕ್ಸ್ ಶಾಲೆಗೆ 1976ರಲ್ಲಿ ಭೂಗೋಳ ಪಾಠ ಮಾಡಲು ಐರ್ಲೆಂಡಿನಿಂದ ಬ್ರದರ್ ಕಾಮ್ ಓಕಾನೆಲ್ ಬಂದರು. ಓಟದ ಬಗ್ಗೆ ಏನೂ ಗೊತ್ತಿಲ್ಲದೆ ಬಂದವರು. 2012ರಲ್ಲಿ ಲಂಡನ್‌ನಲ್ಲಿ 800 ಮೀಟರನ್ನು 1:40.91ಕ್ಕೆ ಓಡಿದ ಡೇವಿಡ್ ರುಡಿಶಾ ಈ ಬ್ರದರ್‌ನ ಶಿಷ್ಯ. ಬ್ರದರ್ ಮಕ್ಕಳಿಗೆ ಶಾಲೆ ರಜೆಯಲ್ಲಿ ಕ್ಯಾಂಪ್ ಮಾಡುತ್ತಾರೆ. ಅಲ್ಲಿ ಜಾಸ್ತಿ ಇರುವುದು ಡ್ರಿಲ್, ಮೈ ಸಡಿಲಿಸುವ ವ್ಯಾಯಾಮ, ಹೆಜ್ಜೆ ಹೇಗಿಡಬೇಕು ಎಂಬ ಪಾಠ. ದೂರ ಓಡಿಸುವ ಅವಸರ ಅವರಿಗಿಲ್ಲ.

ಹಗುರದ ದಿನ ಮೊದಲ 2-3 ಕಿ.ಮೀ. ನಿಮ್ಮ ಜೊತೆ ಬರಲಿ. ಮಾತಾಡುತ್ತಾ ಓಡಿ. ಆಮೇಲೆ ಏರಿ ಇಳಿದು ಕಬಡ್ಡಿಯೋ ಫುಟ್‌ಬಾಲೋ ಆಡಿಕೊಳ್ಳಲಿ. ವಾಚ್ ಮಾತ್ರ ಕಟ್ಟಬೇಡಿ.